ನೀರೆಂಬ ಅಮಾನತ್

(ಮಾರೇನಹಳ್ಳಿಯಲ್ಲಿ ಜುಮಾ ದಿನ ನೀಡಿದ ಪ್ರವಚನದ ಸಾರಾಂಶ)

ಸರ್ವಸ್ತುತಿಗಳೂ ಸಕಲ ಲೋಕಗಳ ಪಾಲಕನಾದ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಸಹಾಬಿಗಳ ಮೇಲೆ ಶಾಂತಿ ಮತ್ತು ಅನುಗ್ರಹಗಳಿರಲಿ. ನಮಗೂ ನಿಮಗೂ ಮೊದಲ ಉಪದೇಶ ತಖ್ವಾದ್ದು. ಗುಟ್ಟಿನಲ್ಲಾಗಲಿ ಬಹಿರಂಗದಲ್ಲಾಗಲಿ ಅಲ್ಲಾಹನನ್ನು ಭಯಪಡೋಣ.

ಮಾನ್ಯ ಸಹೋದರ ಸಹೋದರಿಯರೇ,

ಇಂದು ನೀರಿನ ಬಗ್ಗೆ ಮಾತನಾಡೋಣ. ಅದಕ್ಕೆ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಬೇರೆಯವರಿಗೆ ಬುದ್ಧಿ ಹೇಳುವ ಮುನ್ನ ಮಿಂಬರಿನ ಕೆಳಗಿರುವವರೂ ಮೇಲಿರುವವರೂ ತಮ್ಮ ಲೆಕ್ಕವನ್ನು ನೋಡಿಕೊಳ್ಳುವುದು ಒಳ್ಳೆಯದು.

2024ರ ಮಾರ್ಚ್ ತಿಂಗಳು ನಿಮಗೆಲ್ಲ ನೆನಪಿದೆ. ಬೀದಿಯ ತುಂಬ ಪ್ಲಾಸ್ಟಿಕ್ ಕೊಡಗಳ ಸಾಲು. ಟ್ಯಾಂಕರಿನ ಹಾರ್ನ್ ಕೇಳಿದರೆ ಅಡುಗೆ ಬಿಟ್ಟು ಓಡಿ ಬರುವ ಹೆಂಗಸರು. ಆ ದಿನಗಳಲ್ಲಿ ಒಂದು ಸಂಜೆ ನಮ್ಮ ಮಸೀದಿಯ ಮೇಲಿನ ಟ್ಯಾಂಕ್ ತುಂಬಿ ಗೋಡೆಯ ಮೇಲೆ ಸುರಿಯುತ್ತಿತ್ತು. ಮೋಟಾರ್ ಹಾಕಿದವರು ಆರಿಸುವುದನ್ನು ಮರೆತಿದ್ದರು. ಹಿಂದಿನ ಓಣಿಯಲ್ಲಿ ಹೂವು ಕಟ್ಟಿ ಮಾರುವ ಒಬ್ಬ ವಯಸ್ಸಾದ ತಾಯಿ ಗೇಟಿನ ಹತ್ತಿರ ಬಂದು, “ಸಾಬ್ರೇ, ನೀರು ಸುಮ್ನೆ ಮೋರಿಗೆ ಹೋಗ್ತಿದೆ. ಎರಡು ಕೊಡ ಹಿಡ್ಕೊಳ್ಳಲಾ?” ಎಂದು ಕೇಳಿದರು. ನಮ್ಮವರು ಒಬ್ಬರು, “ಇದು ವುಝೂ ನೀರು ಅಮ್ಮಾ, ಕೊಡೋಕೆ ಬರಲ್ಲ” ಎಂದರು. ಅವರು ಬರಿಗೊಡ ಹಿಡಿದು ವಾಪಸ್ಸು ಹೋದರು. ನೀರು ಮೋರಿಗೆ ಹೋಗುತ್ತಲೇ ಇತ್ತು. ಅಲ್ಲಿದ್ದ ನಾವು ನಾಲ್ಕೈದು ಜನ ನೋಡಿಯೂ ಸುಮ್ಮನಿದ್ದೆವು.

ಹಾಗೆ ಹೇಳಿದವರು ಕೆಟ್ಟವರಲ್ಲ. ಅವರ ಮಾತಿಗೆ ಫಿಕ್ಹ್‌ನಲ್ಲಿ ಒಂದು ಆಧಾರವೂ ಇದೆ. ವಕ್ಫ್ ಮಾಡಿದವರು ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕು. ವುಝೂಗೆಂದು ಕೊಟ್ಟ ನೀರನ್ನು ಮನೆಗೆ ಒಯ್ಯುವುದು ಸರಿಯಲ್ಲ ಎಂದು ಉಲಮಾಗಳು ಬರೆದಿದ್ದಾರೆ. ಆದರೆ ಅಂದು ನಾವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಮೋರಿಗೆ ಹೋಗುವ ನೀರು ಯಾವ ವಕ್ಫಿನ ಉದ್ದೇಶ? ಕೊಳವೆಬಾವಿ ಕೊರೆಸಿಕೊಟ್ಟವರು ತೀರಿಕೊಂಡಿದ್ದರು. ಮರುದಿನ ಅವರ ಮಗನನ್ನು ಕೇಳಿದೆವು. “ಅಬ್ಬಾ ಇದ್ದಿದ್ದರೆ ಹೊರಗಡೆ ಒಂದು ನಲ್ಲಿ ಯಾವತ್ತೋ ಹಾಕಿಸಿರುತ್ತಿದ್ದರು” ಎಂದರು. ಅದೇ ವಾರ ಗೇಟಿನ ಹೊರಗೆ ನಲ್ಲಿ ಬಂತು. ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿದೆವು.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಆರು ವಾರಗಳ ನಂತರ ಒಂದು ಫಜ್ರ್‌ಗೆ ಮೋಟಾರ್ ಹಾಕಿದರೆ ಪೈಪಿನಿಂದ ಗಾಳಿ ಬಂತು. ಬಾವಿ ಬತ್ತಿತ್ತು. ಯಾವ ನೀರನ್ನು ನಮ್ಮದು ಎಂದು ಕಾಯ್ದುಕೊಂಡಿದ್ದೆವೋ ಅದು ನಮ್ಮದಾಗಿರಲೇ ಇಲ್ಲ. ಪವಿತ್ರ ಕುರ್‌ಆನಿನ 67ನೇ ಅಧ್ಯಾಯ ಅಲ್‌ಮುಲ್ಕ್‌ನ ಕೊನೆಯ ಸೂಕ್ತದಲ್ಲಿ ಅಲ್ಲಾಹನು ಮನುಷ್ಯರ ಮುಂದೆ ಒಂದು ಪ್ರಶ್ನೆ ಇಡುತ್ತಾನೆ: ನಿಮ್ಮ ನೀರು ಭೂಮಿಯ ಆಳಕ್ಕೆ ಇಳಿದುಹೋದರೆ ಹರಿಯುವ ನೀರನ್ನು ನಿಮಗೆ ತಂದುಕೊಡುವವರು ಯಾರು ಎಂಬುದು ಅದರ ಭಾವ. ರಾತ್ರಿ ಮಲಗುವ ಮುನ್ನ ನಮ್ಮಲ್ಲಿ ಎಷ್ಟೋ ಮಂದಿ ಈ ಅಧ್ಯಾಯವನ್ನು ಓದುತ್ತೇವೆ. ಅಂದು ಫಜ್ರ್‌ನಲ್ಲಿ ಆ ಪ್ರಶ್ನೆ ನಮಗೇ ಕೇಳಿದ ಹಾಗಿತ್ತು. ಆ ಜುಮಾಗೆ ಎದುರು ಮನೆಯ ಹಿಂದೂ ಕುಟುಂಬದವರು ತಮ್ಮ ಸಂಪಿನಿಂದ ಪೈಪ್ ಎಳೆದುಕೊಟ್ಟರು. ಅವರು ನಮ್ಮನ್ನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಸಹೋದರರೇ, ಆ ಬೇಸಿಗೆಯಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ನೋಡೋಣ. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಬೆಂಗಳೂರಿನಲ್ಲಿ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಗಳಿಗೆ ಬಿಟ್ಟರೆ, ಕಟ್ಟಡ ಕಟ್ಟಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಏಪ್ರಿಲ್ ತಿಂಗಳಿಡೀ ನಗರಕ್ಕೆ ಮಳೆ ಬರಲಿಲ್ಲ. ನಂತರ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ ನೂರು ವರ್ಷಗಳಿಗೂ ಹೆಚ್ಚು ಕಾಲದಲ್ಲಿ ಬಿದ್ದಿರಲಿಲ್ಲ. ತಿಂಗಳುಗಟ್ಟಲೆ ಹನಿಗೆ ಕಾದವರು ಒಂದು ರಾತ್ರಿ ಮನೆಯೊಳಗಿನ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲಿದರು.

ಹವಾಮಾನ ಬದಲಾವಣೆ ಎಂದರೆ ನಮ್ಮ ಬೀದಿಯಲ್ಲಿ ಕಾಣುವುದು ಹೀಗೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿದ ಹೊಗೆ ಭೂಮಿಗೆ ಕಂಬಳಿ ಹೊದಿಸಿದಂತೆ ಶಾಖವನ್ನು ಹಿಡಿದಿಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಾಗಾಗಿ ಒಣಗುವಾಗ ನೆಲ ಇನ್ನಷ್ಟು ಒಣಗುತ್ತದೆ, ಸುರಿಯುವಾಗ ಮಳೆ ಇನ್ನಷ್ಟು ಜೋರಾಗಿ ಸುರಿಯುತ್ತದೆ. ಮನುಷ್ಯರ ಕೈಗಳು ಗಳಿಸಿದ್ದರ ಫಲವಾಗಿ ನೆಲದಲ್ಲೂ ಜಲದಲ್ಲೂ ಕೇಡು ತೋರಿಬಂದಿದೆ, ಅವರು ಮರಳಿ ಬರಲೆಂದು ಅಲ್ಲಾಹನು ಅವರ ಕೃತ್ಯಗಳ ಒಂದಂಶದ ರುಚಿಯನ್ನು ಅವರಿಗೆ ತೋರಿಸುತ್ತಾನೆ ಎಂದು 30ನೇ ಅಧ್ಯಾಯ ಅರ್‌ರೂಮ್‌ನ 41ನೇ ಸೂಕ್ತ ತಿಳಿಸುತ್ತದೆ. ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಒಂದು, ತೋರಿಸುವುದು ಒಂದಂಶವನ್ನು ಮಾತ್ರ, ಪೂರ್ತಿಯನ್ನಲ್ಲ. ಅದು ಅವನ ಕರುಣೆ. ಎರಡು, ಉದ್ದೇಶ ಮರಳಿ ಬರುವುದು. ಅಂದರೆ ದಾರಿ ಇನ್ನೂ ಮುಚ್ಚಿಲ್ಲ.

ಆದರೆ ಕೇಡು ಮಾಡಿದ ಕೈ ಮತ್ತು ಅದರ ರುಚಿ ನೋಡುವ ನಾಲಗೆ ಒಂದೇ ಆಗಿರುವುದಿಲ್ಲ ಎಂಬುದೇ ಇವತ್ತಿನ ದೊಡ್ಡ ಅನ್ಯಾಯ. ಒಬ್ಬ ಅಮೆರಿಕನ್ ವರ್ಷಕ್ಕೆ ಸರಾಸರಿ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಒಬ್ಬ ಭಾರತೀಯನ ಸರಾಸರಿ ಸುಮಾರು 2 ಟನ್. ಆ ಎರಡು ಟನ್ನಿನೊಳಗೂ ಪಾಲು ಸಮನಾಗಿಲ್ಲ. ಮನೆಗೆ ಮೂರು ಎ.ಸಿ., ಎರಡು ಕಾರು ಇಟ್ಟವರೂ ಭಾರತೀಯರು. ಮಾಗಡಿ ರಸ್ತೆಯಲ್ಲಿ ತಳ್ಳುಗಾಡಿ ತಳ್ಳುತ್ತ ಹಣ್ಣು ಮಾರುವವರೂ ಭಾರತೀಯರು. ಬಿಸಿಲು ಏರಿದರೆ ಮೊದಲನೆಯವರು ಎ.ಸಿ.ಯನ್ನು ಎರಡು ಡಿಗ್ರಿ ಇಳಿಸುತ್ತಾರೆ. ಎರಡನೆಯವರ ಹಣ್ಣು ಸಂಜೆಯೊಳಗೆ ಕೊಳೆಯುತ್ತದೆ, ಅವರ ತಲೆ ಸುತ್ತುತ್ತದೆ, ಆ ದಿನದ ಕೂಲಿ ಹೋಗುತ್ತದೆ. ನಮ್ಮ ಆಟೊ ಓಡಿಸುವ ಸಹೋದರರನ್ನು, ಗಾರೆ ಕೆಲಸದವರನ್ನು ಕೇಳಿ ನೋಡಿ. ಅವರಿಗೆ ಯಾರೂ ಹವಾಮಾನ ಬದಲಾವಣೆಯ ಪಾಠ ಮಾಡಬೇಕಾಗಿಲ್ಲ.

ನೀರಿನ ಬೆಲೆಯಲ್ಲೂ ಇದೇ ಅನ್ಯಾಯವಿದೆ. ನಮ್ಮ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. 1974ರಲ್ಲಿ ಮೊದಲ ಹಂತದ ನೀರು ಬಂತು. ಆ ಸಂಪರ್ಕ ಇರುವ ಮನೆಗಳಿಗೆ ಆ ಬೇಸಿಗೆಯಲ್ಲಿ, ತಿಂಗಳ ಮೊದಲ 8 ಸಾವಿರ ಲೀಟರಿನವರೆಗೆ, ಇತರ ಶುಲ್ಕ ಬಿಟ್ಟು, ಸಾವಿರ ಲೀಟರಿಗೆ 7 ರೂಪಾಯಿ ದರವಿತ್ತು. ಸಂಪರ್ಕ ಇಲ್ಲದವರು ಟ್ಯಾಂಕರನ್ನು ನಂಬಬೇಕು. ಜಿಲ್ಲಾಡಳಿತ ಮಧ್ಯೆ ಬಂದು ದರ ನಿಗದಿ ಮಾಡಿದ ಮೇಲೂ 6 ಸಾವಿರ ಲೀಟರಿನ ಟ್ಯಾಂಕರಿಗೆ 600 ರೂಪಾಯಿ, ಅಂದರೆ ಸಾವಿರ ಲೀಟರಿಗೆ 100 ರೂಪಾಯಿ. ಅದಕ್ಕೂ ಮೊದಲು ಜನ ಇದಕ್ಕಿಂತ ಎಷ್ಟೋ ಹೆಚ್ಚು ಕೊಟ್ಟಿದ್ದರು. ಲೆಕ್ಕ ಹಾಕಿ: ಪೈಪ್ ಇರುವವನಿಗೆ 7, ಪೈಪ್ ಇಲ್ಲದವನಿಗೆ 100. ಪೈಪ್ ಇಲ್ಲದವರು ಯಾರು? 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳವರು, ಊರಂಚಿನ ಹೊಸ ಬಡಾವಣೆಗಳವರು, ವಠಾರಗಳಲ್ಲಿ ಬಾಡಿಗೆಗಿರುವವರು. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ಆ ಹಳ್ಳಿಗಳಿಗೆ ತರುವ ವ್ಯವಸ್ಥೆಯಾಯಿತು. ಅದು ಸಂತೋಷದ ವಿಷಯ. ಆದರೆ ಪೈಪ್ ಬಂದ ಬೀದಿಯಲ್ಲೂ ಸಂಪರ್ಕದ ಹಣ ಕಟ್ಟಲಾಗದ ಮನೆಗಳಿರುತ್ತವೆ. ಅದನ್ನು ನಾವು ಮರೆಯಬಾರದು.

ಆ ದಿನಗಳಲ್ಲಿ ಟ್ಯಾಂಕರ್ ಇಟ್ಟುಕೊಂಡಿರುವ ನಮ್ಮ ಸಹೋದರರೊಬ್ಬರು ಅಸ್ರ್ ನಮಾಝಿನ ನಂತರ ಬಂದು ಕುಳಿತರು. “ಹಝ್ರತ್, ಎಲ್ಲರೂ ರೇಟು ಏರಿಸಿದ್ದಾರೆ. ನಾನೂ ಏರಿಸಿದರೆ ಹರಾಮ್ ಆಗುತ್ತಾ? ಬೆಲೆ ಕಟ್ಟಿ ಎಂದು ಜನ ಕೇಳಿದಾಗ ಪ್ರವಾದಿಯವರು(ಸ) ಒಪ್ಪಲಿಲ್ಲ ಅಂತ ಕೇಳಿದ್ದೇನೆ” ಎಂದರು. ಒಳ್ಳೆಯ ಪ್ರಶ್ನೆ. ಸುಮ್ಮನೆ ದುಡಿದುಕೊಳ್ಳದೆ ಕೇಳಲು ಬಂದದ್ದೇ ಅವರ ಈಮಾನಿನ ಗುರುತು. ಹಾಗಾಗಿ ಉತ್ತರವನ್ನೂ ಸರಿಯಾಗಿ ಹುಡುಕಬೇಕಾಯಿತು.

ಆ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಇರುವುದು ನಿಜ. ಮದೀನಾದಲ್ಲಿ ಬೆಲೆಗಳು ಏರಿದಾಗ ದರ ನಿಗದಿ ಮಾಡಲು ಪ್ರವಾದಿಯವರು(ಸ) ಒಪ್ಪಲಿಲ್ಲ. ಯಾರ ಮೇಲೂ ಅನ್ಯಾಯ ಮಾಡಿದ ಆರೋಪ ಹೊತ್ತು ಅಲ್ಲಾಹನ ಮುಂದೆ ನಿಲ್ಲಲು ತಾವು ಬಯಸುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅಂದರೆ ಅಲ್ಲಿನ ಮೂಲ ಮಾತು ಅನ್ಯಾಯ ಆಗಬಾರದು ಎಂಬುದು. ಸರಕು ನಿಜವಾಗಿ ಕಡಿಮೆಯಾಗಿ ಬೆಲೆ ತಾನಾಗಿ ಏರಿದಾಗ ವ್ಯಾಪಾರಿಯ ಕೈ ಕಟ್ಟುವುದು ಅನ್ಯಾಯ. ಆದರೆ ಜನರ ಅಗತ್ಯದ ವಸ್ತುವನ್ನು ಹಿಡಿದಿಟ್ಟು, ಒಳಗೊಳಗೇ ಒಪ್ಪಂದ ಮಾಡಿಕೊಂಡು ಬೆಲೆ ಏರಿಸಿದರೆ ಅನ್ಯಾಯ ವ್ಯಾಪಾರಿಯ ಕಡೆಯದು. ಆಗ ಅಧಿಕಾರದಲ್ಲಿರುವವರು ನ್ಯಾಯವಾದ ದರ ನಿಗದಿ ಮಾಡಬಹುದು, ಮಾಡಬೇಕು ಕೂಡ ಎಂದು ಇಮಾಮ್ ಇಬ್ನ್ ತೈಮಿಯ್ಯ(ರಹ್) ತಮ್ಮ ‘ಅಲ್‌ಹಿಸ್ಬಾ’ ಕೃತಿಯಲ್ಲಿ ವಿವರಿಸಿದ್ದಾರೆ. ದಾಸ್ತಾನು ಹಿಡಿದಿಡುವವನು ಪಾಪಿ ಎಂಬ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ.

ಇನ್ನು ನೀರಿನ ವಿಷಯ ಬೇರೆ ಸರಕುಗಳ ಹಾಗಲ್ಲ. ಜನರು ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಪಾಲುದಾರರು ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಮಿಕ್ಕ ನೀರನ್ನು ಮಾರುವುದನ್ನು ತಡೆದಿದ್ದಾರೆ. ದಾರಿಯಲ್ಲಿ ತನ್ನ ಬಳಿ ಹೆಚ್ಚಿನ ನೀರಿದ್ದೂ ದಾರಿಹೋಕನಿಗೆ ಕೊಡದವನ ಕಡೆಗೆ ಅಂತ್ಯದಿನ ಅಲ್ಲಾಹನು ನೋಡುವುದಿಲ್ಲ ಎಂಬ ಎಚ್ಚರಿಕೆ ಬುಖಾರಿಯಲ್ಲಿದೆ. ಹಾಗಾದರೆ ಟ್ಯಾಂಕರ್ ವ್ಯಾಪಾರವೇ ತಪ್ಪೇ? ಅಲ್ಲ. ನೀರನ್ನು ಪಾತ್ರೆಯಲ್ಲಿ ತುಂಬಿ, ಹೊತ್ತು, ಸಾಗಿಸಿ ತಂದವನು ಅದಕ್ಕೆ ಹಣ ಪಡೆಯಬಹುದು ಎಂದು ಉಲಮಾಗಳು ಹೇಳಿದ್ದಾರೆ. ಡೀಸೆಲ್, ಡ್ರೈವರ್ ಸಂಬಳ, ಗಾಡಿಯ ಕಂತು, ಮನೆ ನಡೆಸುವಷ್ಟು ಲಾಭ ಹಲಾಲ್. ನೆರೆಮನೆಯವರ ಬಾಯಾರಿಕೆಯನ್ನು ನೋಡಿ ಏರಿಸಿದ ಹಣ ಬೇರೆ ಲೆಕ್ಕ. ಇದನ್ನು ಅವರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನು ಹಳೇ ರೇಟಿಗೇ ಕೊಡ್ತೀನಿ. ಡೀಸೆಲ್ ಎಷ್ಟು ಏರಿದೆಯೋ ಅಷ್ಟು ಮಾತ್ರ ಸೇರಿಸ್ತೀನಿ” ಎಂದರು. ಆ ಬೇಸಿಗೆಯಲ್ಲಿ ಅವರು ಬೇರೆಯವರಷ್ಟು ಸಂಪಾದಿಸಲಿಲ್ಲ. ಕಂತು ಕಟ್ಟಲು ಕಷ್ಟಪಟ್ಟದ್ದನ್ನೂ ನಾವು ನೋಡಿದ್ದೇವೆ. ಅವರ ತಕ್ಕಡಿ ಅಲ್ಲಾಹನ ಬಳಿ ಇದೆ.

ಪ್ರವಾದಿಯವರು(ಸ) ಮದೀನಾಕ್ಕೆ ಬಂದಾಗ ಅಲ್ಲಿ ಸಿಹಿನೀರಿನ ಬಾವಿ ಎಂದರೆ ರೂಮಾ ಬಾವಿ. ಹಣ ಕೊಟ್ಟವರಿಗೆ ಮಾತ್ರ ನೀರು. ಅದನ್ನು ಕೊಂಡು ಜನರಿಗೆ ಬಿಟ್ಟುಕೊಡುವವರಿಗೆ ಸ್ವರ್ಗದ ಶುಭವಾರ್ತೆ ಕೊಟ್ಟಾಗ ಹಝ್ರತ್ ಉಸ್ಮಾನ್(ರ) ತಮ್ಮ ಹಣದಿಂದ ಅದನ್ನು ಕೊಂಡು ವಕ್ಫ್ ಮಾಡಿದರು. ನಂತರ ಆ ಬಾವಿಯಿಂದ ಉಸ್ಮಾನರ ಬಿಂದಿಗೆಗೂ ಬಡವರ ಬಿಂದಿಗೆಗೂ ನೀರು ಒಂದೇ ಸಾಲಿನಲ್ಲಿ ಸಿಕ್ಕಿತು. ಶ್ರೀಮಂತರಿಗೆ ಮೊದಲ ಸರದಿ ಇರಲಿಲ್ಲ. ಹಾಗೆಯೇ ಸಅದ್ ಬಿನ್ ಉಬಾದ(ರ) ತೀರಿಕೊಂಡ ತಾಯಿಯ ಹೆಸರಿನಲ್ಲಿ ಯಾವ ದಾನ ಶ್ರೇಷ್ಠ ಎಂದು ಕೇಳಿದಾಗ ನೀರು ಎಂಬ ಉತ್ತರ ಸಿಕ್ಕಿತು, ಅವರು ಬಾವಿ ತೋಡಿಸಿದರು. ನಮ್ಮಲ್ಲಿ ತೀರಿಕೊಂಡ ಹಿರಿಯರ ಹೆಸರಿನಲ್ಲಿ ಫ್ಯಾನು, ಗಡಿಯಾರ, ಕಾರ್ಪೆಟ್ ಕೊಡುವವರು ಬಹಳ ಮಂದಿ. ಒಂದು ಮಳೆನೀರು ಕೊಯ್ಲಿನ ತೊಟ್ಟಿ ಕೊಟ್ಟವರು ಎಷ್ಟು ಮಂದಿ?

ಸಹೋದರರೇ, ಇನ್ನೊಂದು ಮಾತು. ನಾವು ಕುಡಿಯುವ ನೀರಿನ ಬಗ್ಗೆ ಮಾತ್ರ ಯೋಚಿಸುತ್ತೇವೆ. ನಾವು ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವುದಿಲ್ಲ.

ವಿಜಯನಗರ, ರಾಜಾಜಿನಗರದ ಕಡೆಯ ನೀರೆಲ್ಲ ಇಳಿಯುವುದು ವೃಷಭಾವತಿ ಕಣಿವೆಗೆ. ಮೈಸೂರು ರಸ್ತೆಯಲ್ಲಿ ಹೋಗುವಾಗ ಮೂಗಿಗೆ ಕರ್ಚೀಫು ಹಿಡಿಯುತ್ತೇವಲ್ಲ, ಆ ‘ದೊಡ್ಡ ಮೋರಿ’ ಒಂದು ನದಿ. ಅದರ ನೀರು ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಜಲಾಶಯ ಸೇರುತ್ತದೆ. ಮುಂದೆ ಅರ್ಕಾವತಿಯನ್ನು, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೈರಮಂಗಲ ಜಲಾಶಯವನ್ನು ಕಟ್ಟಿದ್ದು ರೈತರ ಹೊಲಗಳಿಗೆ ನೀರು ಕೊಡಲು. ಇಂದು ಅಲ್ಲಿ ನೊರೆ ಏಳುತ್ತದೆ. ಭತ್ತ ಬೆಳೆಯುತ್ತಿದ್ದ ಹೊಲಗಳಲ್ಲಿ ದನದ ಮೇವಿನ ಹುಲ್ಲು ಬೆಳೆಯುತ್ತಾರೆ. ಆ ಹಸುಗಳ ಹಾಲು ಮತ್ತೆ ಊರಿಗೇ ಬರುತ್ತದೆ. ನಾವು ಕಾವೇರಿಯ ಮೇಲ್ಭಾಗದಿಂದ ಶುದ್ಧ ನೀರು ತೆಗೆದುಕೊಳ್ಳುತ್ತೇವೆ, ಕೆಳಭಾಗಕ್ಕೆ ನಮ್ಮ ಬಚ್ಚಲನ್ನು, ಕಾರ್ಖಾನೆಗಳ ರಾಸಾಯನಿಕವನ್ನು ವಾಪಸ್ಸು ಕಳಿಸುತ್ತೇವೆ. ಕೆಳಗಿನ ಹಳ್ಳಿಯ ರೈತ ಇದರಲ್ಲಿ ಏನು ತಪ್ಪು ಮಾಡಿದ್ದಾನೆ?

ಇಂಥದೇ ಒಂದು ವ್ಯಾಜ್ಯ ಪ್ರವಾದಿಯವರ(ಸ) ಮುಂದೆ ಬಂದಿತ್ತು. ಝುಬೈರ್(ರ) ಅವರ ತೋಟ ಕಾಲುವೆಯ ಮೇಲ್ಭಾಗದಲ್ಲಿ, ಅನ್ಸಾರಿಗಳಲ್ಲೊಬ್ಬರ ತೋಟ ಕೆಳಭಾಗದಲ್ಲಿ. ನೀರಿಗಾಗಿ ಜಗಳವಾಯಿತು. ಮೊದಲು ನಿನ್ನ ಗಿಡಗಳಿಗೆ ಹಾಯಿಸು, ನಂತರ ನೆರೆಯವನಿಗೆ ಬಿಟ್ಟುಕೊಡು ಎಂಬುದು ಪ್ರವಾದಿಯವರು(ಸ) ಮೊದಲು ತೋರಿಸಿದ ಸೌಹಾರ್ದದ ದಾರಿ. ಅನ್ಸಾರಿ ಅದನ್ನು ಒಪ್ಪದೆ ಪಕ್ಷಪಾತದ ಮಾತಾಡಿದಾಗ ಮಾತ್ರ ಝುಬೈರರಿಗೆ ಅವರ ಪೂರ್ತಿ ಹಕ್ಕನ್ನು ಕೊಟ್ಟರು. ಈ ಹದೀಸ್ ಬುಖಾರಿಯಲ್ಲಿದೆ. ಮೇಲಿರುವವನಿಗೆ ಮೊದಲ ಸರದಿ ಇದೆ ಎಂಬುದು ಕಾನೂನು. ಆದರೆ ಆ ಪೂರ್ತಿ ಹಕ್ಕಿಗೂ ಒಂದು ಎಲ್ಲೆ ಇತ್ತು, ಅದು ಮುಗಿದ ಮೇಲೆ ನೀರು ಕೆಳಗೆ ಹೋಗಲೇಬೇಕಿತ್ತು. ಬೆಂಗಳೂರು ಮೇಲಿನ ತೋಟ, ಬೈರಮಂಗಲ ಕೆಳಗಿನ ತೋಟ. ನೀರಿನ ಮೂಲದಲ್ಲಿ, ದಾರಿಯಲ್ಲಿ, ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು ಜನರ ಶಾಪಕ್ಕೆ ಗುರಿಯಾಗುವ ಮೂರು ಕೆಲಸಗಳು ಎಂದು ಪ್ರವಾದಿಯವರು(ಸ) ಎಚ್ಚರಿಸಿದರು. ಒಬ್ಬ ಮನುಷ್ಯನ ಮಾತು ಹೀಗಾದರೆ, ಇಡೀ ಊರಿನ ಶೌಚವನ್ನು ಒಂದು ನದಿಗೆ ಬಿಡುವವರ ಗತಿ ಏನು?

ಈ ಕೊಳೆಯಲ್ಲಿ ನಮ್ಮ ಕೈಯೂ ಇದೆ. ರಮಝಾನ್ ಇಫ್ತಾರಿನ ನಂತರ ನಮ್ಮ ಬೀದಿಗಳಲ್ಲಿ ಬೀಳುವ ಪ್ಲಾಸ್ಟಿಕ್ ಲೋಟ, ಬಿರಿಯಾನಿ ಡಬ್ಬಿಗಳನ್ನು ನೋಡಿ. ಬಕ್ರೀದಿನ ತ್ಯಾಜ್ಯವನ್ನು ರಾಜಕಾಲುವೆಗೆ ಎಸೆಯುವವರು ಈಗಲೂ ಇದ್ದಾರೆ. ಕುರ್ಬಾನಿ ಇಬಾದತ್, ಆದರೆ ಅದರ ಕೊಳೆಯಿಂದ ನೆರೆಯವರಿಗೆ ತೊಂದರೆ ಕೊಡುವುದು ಗುನಾಹ್. ಹಾನಿ ಮಾಡಬಾರದು, ಹಾನಿಗೆ ಪ್ರತಿಹಾನಿಯೂ ಸಲ್ಲದು ಎಂಬ ಪ್ರವಾದಿ ವಚನದ ತತ್ವವನ್ನು ಉಲಮಾಗಳು ಶರೀಅತ್ತಿನ ಮೂಲ ನಿಯಮಗಳಲ್ಲಿ ಸೇರಿಸಿದ್ದಾರೆ.

ಹಾಗೆಯೇ ಈ ಕೊಳೆಯನ್ನು ತೆಗೆಯುವ ಕೈಗಳಲ್ಲೂ ನಮ್ಮವರಿದ್ದಾರೆ. ನಾಯಂಡಹಳ್ಳಿಯ ಪ್ಲಾಸ್ಟಿಕ್ ಮರುಬಳಕೆ ಘಟಕಗಳಲ್ಲಿ, ಜಾಲಿ ಮೊಹಲ್ಲಾದ ಗುಜರಿ ಅಂಗಡಿಗಳಲ್ಲಿ ದುಡಿಯುವ ಎಷ್ಟೋ ಮಂದಿ ನಮ್ಮ ಸಹೋದರ ಸಹೋದರಿಯರು. ಬೆಳಗಿನ ಜಾವ ಚಿಂದಿ ಆಯುವ ಹೆಣ್ಣುಮಕ್ಕಳಿಲ್ಲದೆ ಹೋದರೆ ಈ ಊರು ಒಂದು ವಾರ ಉಸಿರಾಡಲಾರದು. ನಗರಕ್ಕೆ ಲಾಭ ಮಾಡಿಕೊಡುವ ಈ ಕೆಲಸಕ್ಕೆ ಅವರಿಗೆ ಸಿಗುವುದು ಕಿಲೋಗೆ ಕೆಲವು ರೂಪಾಯಿ, ಕೈಗೆ ಗಾಜಿನ ಗಾಯ, ಮೇಲೆ ಬೈಗುಳ. ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ಒಂದು ಪಾಲಿಕೆ ನಿಯಮ ಮಾತ್ರ ಎಂದುಕೊಳ್ಳಬೇಡಿ. ಅದು ಆ ತಾಯಿಯ ಕೈಗೆ ಗಾಜು ಚುಚ್ಚದಂತೆ ನೋಡಿಕೊಳ್ಳುವ ಸದಕಾ. ದಾರಿಯಿಂದ ಮುಳ್ಳು ತೆಗೆಯುವುದು ಈಮಾನಿನ ಒಂದು ಶಾಖೆಯಾದರೆ, ಇನ್ನೊಬ್ಬರ ಕೈ ಹಾಕುವ ಜಾಗದಲ್ಲಿ ಗಾಜು ಇಡದಿರುವುದೂ ಅದೇ ಶಾಖೆ.

ಅಲ್ಲಾಹನು ನಮ್ಮ ತಪ್ಪುಗಳನ್ನು ಕ್ಷಮಿಸಲಿ. ಅವನು ಕ್ಷಮಿಸುವವನು, ಕರುಣಾಮಯಿ.

(ಎರಡನೇ ಖುತ್ಬಾ)

ಅಲ್ಲಾಹನಿಗೆ ಸ್ತುತಿ, ಪ್ರವಾದಿಯವರ(ಸ) ಮೇಲೆ ಸಲಾತ್ ಮತ್ತು ಸಲಾಮ್.

ಮಾನ್ಯರೇ, ಇಷ್ಟು ದೊಡ್ಡ ಸಮಸ್ಯೆಗೆ ನಮ್ಮ ಒಂದು ಬೀದಿ ಏನು ಮಾಡಬಲ್ಲದು ಎಂದು ಕೆಲವರು ಕೇಳುತ್ತಾರೆ. ಕಾರ್ಖಾನೆಗಳು, ಸರ್ಕಾರಗಳು, ದೊಡ್ಡ ದೇಶಗಳು ಮಾಡಬೇಕಾದ ಕೆಲಸವನ್ನು ನಾವು ಮಾಡಲಾಗದು ನಿಜ. ಅದನ್ನು ಅವರಿಂದ ಕೇಳುವುದು ನಮ್ಮ ಹಕ್ಕು. ವಾರ್ಡಿನ ಸಭೆಗೆ ಹೋಗಿ ಕೊಳಚೆ ನೀರಿನ ಶುದ್ಧೀಕರಣದ ಬಗ್ಗೆ, ನಲ್ಲಿ ಸಂಪರ್ಕವಿಲ್ಲದ ವಠಾರಗಳ ಬಗ್ಗೆ ಕೇಳೋಣ. ಆದರೆ ಅಂತ್ಯದಿನ ಬರುತ್ತಿದ್ದರೂ ಕೈಯಲ್ಲಿ ಒಂದು ಸಸಿ ಇದ್ದರೆ ಸಾಧ್ಯವಾದರೆ ನೆಡಬೇಕೆಂದು ನಮ್ಮ ಪ್ರವಾದಿಯವರು(ಸ) ಕಲಿಸಿದ್ದಾರೆ. ಫಲ ಸಿಗುತ್ತದೋ ಇಲ್ಲವೋ ಎಂಬ ಲೆಕ್ಕ ಅವನದ್ದು. ನೆಡುವ ಕೆಲಸ ನಮ್ಮದು.

ಮೊದಲನೆಯದು ನಮ್ಮ ವುಝೂ. ಪ್ರವಾದಿಯವರು(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಎರಡು ಕೈ ಕೂಡಿಸಿದ ಒಂದು ಬೊಗಸೆಯಷ್ಟು, ಒಂದು ಲೀಟರಿಗೂ ಮೀರದ ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಅನಸ್(ರ) ವರದಿ ಮಾಡಿದ್ದಾರೆ. ನಾವು ನಲ್ಲಿಯ ಕೆಳಗೆ ಬಕೆಟ್ ಇಟ್ಟು ವುಝೂ ಮಾಡಿ ನೋಡಿದೆವು. ಕಾಲು ತೊಳೆಯುವ ಹೊತ್ತಿಗೆ ಬಕೆಟ್ ಅರ್ಧ ದಾಟಿತ್ತು. ನಾಚಿಕೆಯಾಯಿತು. ಮನೆಯಲ್ಲಿ ಮಕ್ಕಳ ಜೊತೆ ನೀವೂ ಒಮ್ಮೆ ಮಾಡಿ ನೋಡಿ. ಮಕ್ಕಳು ಅದನ್ನು ಆಟದ ಹಾಗೆ ಕಲಿಯುತ್ತಾರೆ, ಆಮೇಲೆ ನಮ್ಮನ್ನೇ ತಿದ್ದುತ್ತಾರೆ. ಹರಿಯುವ ನದಿಯ ದಡದಲ್ಲೂ ವುಝೂವಿನಲ್ಲಿ ದುಂದು ಬೇಡವೆಂಬ ಬೋಧನೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ನಮ್ಮ ಹತ್ತಿರ ಹರಿಯುವ ನದಿಯೂ ಇಲ್ಲ.

ಎರಡನೆಯದು ಆ ವುಝೂ ನೀರನ್ನು ಮೋರಿಗೆ ಬಿಡದಿರುವುದು. ಹನಫೀ ಫಿಕ್ಹ್ ಪ್ರಕಾರ ಒಮ್ಮೆ ವುಝೂಗೆ ಬಳಸಿದ ನೀರಿನಿಂದ ಮತ್ತೆ ವುಝೂ ಆಗದು. ಆದರೆ ಆ ನೀರು ನಜಿಸ್ ಅಲ್ಲ. ಗಿಡಗಳಿಗೆ, ಅಂಗಳ ತೊಳೆಯಲು, ಶೌಚಾಲಯಕ್ಕೆ ಬಳಸಬಹುದು. ವುಝೂ ಖಾನೆಯ ಪೈಪನ್ನು ಬೇರೆ ತೊಟ್ಟಿಗೆ ತಿರುಗಿಸುವ ಕೆಲಸ ಒಬ್ಬ ಪ್ಲಂಬರಿನ ಒಂದೆರಡು ದಿನದ ಕೆಲಸ. ನಮ್ಮ ಹುಡುಗರಲ್ಲಿ ಪ್ಲಂಬರುಗಳಿಗೆ ಕೊರತೆಯಿಲ್ಲ.

ಮೂರನೆಯದು ಮಳೆನೀರು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನೂರು ಚದರ ಮೀಟರ್ ಚಾವಣಿಯ ಮೇಲೆ ಅದು 90 ಸಾವಿರ ಲೀಟರ್. ಸೋರಿ, ಆರಿ ಹೋಗುವುದನ್ನು ಕಳೆದರೂ 70 ಸಾವಿರ ಲೀಟರ್ ಹಿಡಿಯಬಹುದು. 6 ಸಾವಿರ ಲೀಟರಿನ ಹನ್ನೊಂದು ಟ್ಯಾಂಕರ್ ನೀರು ಪ್ರತಿ ವರ್ಷ ನಮ್ಮ ಚಾವಣಿಯಿಂದ ಮೋರಿಗೆ ಹೋಗುತ್ತಿದೆ. 2009ರಿಂದಲೇ ಈ ಊರಿನಲ್ಲಿ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲು ಕಾನೂನಿನ ಪ್ರಕಾರ ಕಡ್ಡಾಯ. ಕಾನೂನಿಗೆ ಹೆದರಿ ಮಾಡುವುದಕ್ಕಿಂತ ಅಲ್ಲಾಹನು ಆಕಾಶದಿಂದ ಇಳಿಸಿದ ಅನುಗ್ರಹಕ್ಕೆ ಶುಕ್ರ್ ಎಂದು ಮಾಡೋಣ. ನಮ್ಮ ಮಸೀದಿಯ ಬತ್ತಿದ ಬಾವಿಯ ಪಕ್ಕದಲ್ಲಿ ಇಂಗುಗುಂಡಿ ತೋಡಿಸಿದ್ದೇವೆ. ಅದಕ್ಕೆ ಹಣ ಕೊಟ್ಟವರ ಹೆಸರು ಹೇಳಬಾರದೆಂದು ಅವರೇ ಕೇಳಿಕೊಂಡಿದ್ದಾರೆ.

ನಾಲ್ಕನೆಯದು ಬಾಡಿಗೆ ಮನೆ ಕೊಟ್ಟಿರುವ ಸಹೋದರರಿಗೆ. ಬೇಸಿಗೆಯಲ್ಲಿ ಕೆಳಗಿನ ಮನೆಗಳ ನೀರು ನಿಲ್ಲಿಸಿ ಮೇಲಿನ ನಮ್ಮ ಟ್ಯಾಂಕ್ ತುಂಬಿಕೊಳ್ಳುವುದು ಅಳತೆಯಲ್ಲಿ ಮೋಸ. ಬಾಡಿಗೆಯಲ್ಲಿ ನೀರಿನ ಹಣ ಸೇರಿಸಿ ಪಡೆದು ನೀರು ಕೊಡದಿದ್ದರೆ ಅದೂ ಮೋಸ. ತಮಗೆ ಅಳೆದುಕೊಳ್ಳುವಾಗ ಪೂರ್ತಿ ಪಡೆದು, ಇತರರಿಗೆ ಕೊಡುವಾಗ ಕಡಿಮೆ ಮಾಡುವವರಿಗೆ ನಾಶವಿದೆ ಎಂಬ ಎಚ್ಚರಿಕೆಯಿಂದಲೇ 83ನೇ ಅಧ್ಯಾಯ ಅಲ್‌ಮುತಫ್ಫಿಫೀನ್ ಆರಂಭವಾಗುತ್ತದೆ. ಅದು ಕಿರಾಣಿ ಅಂಗಡಿಯ ತಕ್ಕಡಿಗೆ ಮಾತ್ರ ಹೇಳಿದ್ದೆಂದು ತಿಳಿಯಬೇಡಿ. ನಲ್ಲಿಯ ವಾಲ್ವ್ ಕೂಡ ಒಂದು ತಕ್ಕಡಿ.

ಐದನೆಯದು ಬೇಸಿಗೆಯ ಮೂರು ತಿಂಗಳು ಗೇಟಿನ ಹೊರಗಿನ ನಲ್ಲಿ ತೆರೆದಿರಲಿ. ಅದರ ಪಕ್ಕದಲ್ಲಿ ಒಂದು ಮಡಕೆ ಕುಡಿಯುವ ನೀರು, ಹಕ್ಕಿಗಳಿಗೆ, ಬೀದಿನಾಯಿಗಳಿಗೆ ಒಂದು ತೊಟ್ಟಿ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನನ್ನು ಅಲ್ಲಾಹನು ಕ್ಷಮಿಸಿದ ವೃತ್ತಾಂತ ಬುಖಾರಿಯಲ್ಲಿದೆ. ನಲ್ಲಿಗೆ ಬರುವವರ ಹೆಸರು, ಜಾತಿ, ಧರ್ಮ ಯಾರೂ ಕೇಳಬಾರದು. ನಮಗೆ ಪೈಪ್ ಎಳೆದುಕೊಟ್ಟವರೂ ಕೇಳಲಿಲ್ಲ.

ಸಹೋದರ ಸಹೋದರಿಯರೇ, ಆ ಹೂವಿನ ತಾಯಿ ಈಗಲೂ ನಮ್ಮ ಗೇಟಿನ ಮುಂದೆ ಹಾದುಹೋಗುತ್ತಾರೆ. ನಮ್ಮನ್ನು ಕ್ಷಮಿಸಿದ್ದಾರೆ. ಒಮ್ಮೊಮ್ಮೆ ನಲ್ಲಿ ತಿರುಗಿಸಿ ಕೈಕಾಲು ತೊಳೆದುಕೊಂಡು, ಮರೆಯದೆ ಗಟ್ಟಿಯಾಗಿ ನಿಲ್ಲಿಸಿ ಹೋಗುತ್ತಾರೆ. ಒಂದು ಹನಿಯೂ ತೊಟ್ಟಿಕ್ಕದಂತೆ ನಿಲ್ಲಿಸುತ್ತಾರೆ. ನೀರಿಗಾಗಿ ಕಾದವರಿಗೆ ಅದರ ಬೆಲೆ ಗೊತ್ತು. ನಮಗೂ ಆ ಅರಿವು ಬರಲಿ.

ಓ ಅಲ್ಲಾಹ್, ನಮ್ಮ ನೆಲದ ಮೇಲೆ ಉಪಕಾರಿಯಾದ ಮಳೆಯನ್ನು ಸುರಿಸು, ಹಾನಿ ಮಾಡುವ ಮಳೆಯಿಂದ ಕಾಪಾಡು. ನಮ್ಮ ಬತ್ತಿದ ಬಾವಿಗಳನ್ನು ತುಂಬಿಸು. ನಮ್ಮ ಸಂಪಾದನೆಯನ್ನು ಹಲಾಲ್ ಆಗಿಡು, ನಮ್ಮ ಅಳತೆಯನ್ನು ನೇರವಾಗಿಡು. ಬಿಸಿಲಿನಲ್ಲಿ ದುಡಿಯುವವರ ಶರೀರಕ್ಕೆ ಬಲ ಕೊಡು. ನಮ್ಮ ನೆರೆಹೊರೆಯವರೆಲ್ಲರನ್ನೂ, ಈ ನಾಡನ್ನೂ ಶಾಂತಿಯಲ್ಲಿಡು. ನೀನು ನಮಗೆ ಕೊಟ್ಟ ಅಮಾನತನ್ನು ಹಾಳುಮಾಡದೆ ನಮ್ಮ ಮಕ್ಕಳಿಗೆ ಒಪ್ಪಿಸುವ ತೌಫೀಕ್ ದಯಪಾಲಿಸು. ಆಮೀನ್.